ಒಂದು ಗಳಿಗೆ, ಹಲವು ದಿನ: ನಮ್ಮ ಕಾವ್ಯಗಳಲ್ಲಿ ಬಾಳಿನ ತಿರುವು

1

ಮನುಷ್ಯನ ಬಾಳನ್ನು ರೂಪಿಸುವುದು ಯಾವುದೋ ಒಂದು ಗಳಿಗೆಯೇ, ಅಥವಾ ದಿನದಿನವೂ ಅವನು ಮಾಡುತ್ತ ಬರುವ ಸಣ್ಣ ಸಣ್ಣ ಆಯ್ಕೆಗಳೇ? ಈ ಪ್ರಶ್ನೆ ನೀತಿಶಾಸ್ತ್ರಕ್ಕೆ ಸೇರಿದ್ದೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಕಥೆಯನ್ನು ಹೇಳುವ ಯಾವ ಕವಿಯೂ ಇದಕ್ಕೆ ಒಂದಲ್ಲ ಒಂದು ಬಗೆಯ ಉತ್ತರವನ್ನು ಕೊಡದೆ ಮುಂದುವರಿಯಲಾರ. ಯಾವುದನ್ನು ವಿಸ್ತರಿಸಬೇಕು, ಯಾವುದನ್ನು ಒಂದು ಕಂದದಲ್ಲಿ ಮುಗಿಸಬೇಕು, ಯಾವ ಸಂಗತಿಯನ್ನು ಕಥೆಯ ತಿರುವೆಂದು ಎತ್ತಿ ತೋರಿಸಬೇಕು ಎಂಬ ನಿರ್ಣಯದಲ್ಲಿಯೇ ಆ ಉತ್ತರ ಅಡಗಿರುತ್ತದೆ. ಆದುದರಿಂದ ಕಾವ್ಯವಿಮರ್ಶೆ ಈ ಪ್ರಶ್ನೆಯನ್ನು ಬದಿಗಿರಿಸುವಂತಿಲ್ಲ.

ನಮ್ಮ ತರಗತಿಗಳಲ್ಲಿ ಈ ಪ್ರಶ್ನೆಗೆ ಬಹುಮಟ್ಟಿಗೆ ಒಂದೇ ಉತ್ತರ ಬಳಕೆಯಲ್ಲಿದೆ. ನೀಲಾಂಜನೆಯ ನೃತ್ಯದಿಂದ ಆದಿದೇವನಿಗೆ ವೈರಾಗ್ಯ ಉಂಟಾಯಿತು. ಚಕ್ರರತ್ನದ ಪ್ರಯೋಗದಿಂದ ಬಾಹುಬಲಿಗೆ ರಾಜ್ಯದಲ್ಲಿ ಹೇಸಿಗೆ ಹುಟ್ಟಿತು. ಮಾವಟಿಗನ ಹಾಡಿನಿಂದ ಅಮೃತಮತಿ ಕೆಟ್ಟಳು. ಹೀಗೆ 'ಇದರಿಂದ ಇದು' ಎಂದು ಹೇಳಿ, ಆ ಒಂದು ಸನ್ನಿವೇಶದ ಪದ್ಯಗಳನ್ನು ವಾಚನಕ್ಕೆ ಆರಿಸಿಕೊಂಡು, ಅದೇ ಸನ್ನಿವೇಶದ ಮೇಲೆ ಪರೀಕ್ಷೆಯಲ್ಲಿ ಟಿಪ್ಪಣಿ ಬರೆಯಿಸಿ ಮುಗಿಸುವುದು ವಾಡಿಕೆ. ನಾವೂ ಹಲವು ವರ್ಷ ಹಾಗೆಯೇ ಪಾಠ ಹೇಳಿದವರೆಂಬುದನ್ನು ಒಪ್ಪಿಕೊಳ್ಳಬೇಕು. ಈ ವಾಡಿಕೆ ಪಾಠಕ್ಕೆ ಸುಲಭವಾದುದು, ಆದರೆ ಕಾವ್ಯಗಳಿಗೆ ಅಷ್ಟು ನ್ಯಾಯವಾದುದಲ್ಲ ಎಂಬ ಸಂದೇಹ ಬರಬರುತ್ತ ನಮ್ಮಲ್ಲಿ ಬಲವಾಯಿತು. ಆ ಸಂದೇಹವನ್ನು ಪಂಪನ ಎರಡು ಕಾವ್ಯಗಳು, ಜನ್ನನ ಯಶೋಧರ ಚರಿತೆ ಮತ್ತು ಇತ್ತೀಚಿನ ಎರಡು ಕಾದಂಬರಿಗಳ ಆಧಾರದಿಂದ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಪ್ರಾಚೀನ ಮೀಮಾಂಸಕರೂ ಈ ಎರಡು ಪಕ್ಷಗಳನ್ನು ಅರಿತಿದ್ದರು. ಅರಿಸ್ಟಾಟಲನು ತನ್ನ ಕಾವ್ಯಮೀಮಾಂಸೆಯಲ್ಲಿ ರುದ್ರನಾಟಕದ ಜೀವಾಳವಾಗಿ ವಿಪರ್ಯಾಸವನ್ನೂ ಅಭಿಜ್ಞಾನವನ್ನೂ ಹೇಳುತ್ತಾನೆ. ಇವೆರಡೂ ಗಳಿಗೆಯ ವ್ಯಾಪಾರಗಳು. ಅವನೇ ತನ್ನ ನೀತಿಗ್ರಂಥದಲ್ಲಿ ಶೀಲವು ಅಭ್ಯಾಸದಿಂದ ಬರುವುದೆಂದೂ, ನ್ಯಾಯವಾದ ಕೆಲಸಗಳನ್ನು ಮಾಡಿ ಮಾಡಿ ಮನುಷ್ಯನು ನ್ಯಾಯವಂತನಾಗುವನೆಂದೂ ವಾದಿಸುತ್ತಾನೆ. ನಮ್ಮ ಭರತಮುನಿಯಾದರೋ ನಾಟಕದ ಕಾರ್ಯಕ್ಕೆ ಪ್ರಾರಂಭ, ಪ್ರಯತ್ನ, ಪ್ರಾಪ್ತಿಸಂಭವ, ನಿಯತಫಲಪ್ರಾಪ್ತಿ, ಫಲಯೋಗ ಎಂಬ ಐದು ಅವಸ್ಥೆಗಳನ್ನು ಹೇಳಿ, ಫಲವು ಹಠಾತ್ತಾಗಿ ಬರುವುದಲ್ಲ, ಹಂತಹಂತವಾಗಿ ಮಾಗುವುದು ಎಂಬುದನ್ನು ರೂಪಕದ ಮೈಕಟ್ಟಿನಲ್ಲಿಯೇ ಅಳವಡಿಸಿದ್ದಾನೆ. ಜೈನದರ್ಶನದಲ್ಲಿ ಈ ವಿಚಾರ ಇನ್ನೂ ಸೂಕ್ಷ್ಮವಾಗಿದೆ. ಮನೋವಾಕ್ಕಾಯಗಳ ಚಲನೆಯಿಂದ ಕರ್ಮದ ಆಸ್ರವ ಎಡೆಬಿಡದೆ ನಡೆಯುತ್ತಿರುತ್ತದೆ; ಕಷಾಯಗಳಿಂದ ಅದು ಬಂಧವಾಗುತ್ತದೆ. ಜೊತೆಗೇ ಜೀವಕ್ಕೆ ಸಮ್ಯಕ್ತ್ವ ದೊರೆಯಲು ಕಾಲಲಬ್ಧಿ ಬೇಕೆಂದೂ ಆ ದರ್ಶನ ಹೇಳುತ್ತದೆ. ಎಂದರೆ ಗಳಿಗೆಗೂ ಅಲ್ಲಿ ಸ್ಥಾನವಿದೆ, ಆದರೆ ಅದು ಮಾಗಿ ಬಂದ ಗಳಿಗೆ. ನಮ್ಮ ಹಳೆಯ ಜೈನಕವಿಗಳನ್ನು ಓದುವಾಗ ಈ ಹಿನ್ನೆಲೆಯನ್ನು ಮರೆಯಬಾರದು.

2

ಮೊದಲು ಆದಿಪುರಾಣವನ್ನು ನೋಡೋಣ. 941ರಲ್ಲಿ ಪಂಪನು ರಚಿಸಿದ ಈ ಕಾವ್ಯದಲ್ಲಿ ನೀಲಾಂಜನೆಯ ನೃತ್ಯ ಅತ್ಯಂತ ಪ್ರಸಿದ್ಧವಾದ ಭಾಗ. ಆದಿದೇವನು ಭೋಗದಲ್ಲಿ ಮಗ್ನನಾಗಿರುವುದನ್ನು ಕಂಡ ದೇವೇಂದ್ರನು ಆಯುಷ್ಯ ತೀರಲಿರುವ ನೀಲಾಂಜನೆಯೆಂಬ ದೇವನರ್ತಕಿಯನ್ನು ಸಭೆಗೆ ಕಳುಹಿಸುತ್ತಾನೆ. ಕುಣಿಯುತ್ತಿರುವಾಗಲೇ ಆಕೆಯ ದೇಹ ಕರಗಿಹೋಗುತ್ತದೆ. ರಸಭಂಗವಾಗದಂತೆ ಇಂದ್ರನು ಆ ಕ್ಷಣವೇ ಅಂಥದೇ ಇನ್ನೊಂದು ರೂಪವನ್ನು ರಂಗದ ಮೇಲೆ ನಿಲ್ಲಿಸುತ್ತಾನೆ. ನೃತ್ಯ ಮುಂದುವರಿಯುತ್ತದೆ. ಸಭೆಗೆ ಏನೂ ತಿಳಿಯುವುದಿಲ್ಲ. ಆದಿದೇವನೊಬ್ಬನಿಗೆ ತಿಳಿಯುತ್ತದೆ.

ಈ ಸನ್ನಿವೇಶವನ್ನು ಕುರಿತು ಬರೆದವರು ಸಾಮಾನ್ಯವಾಗಿ ನೀಲಾಂಜನೆಯ ಮೇಲೆ, ಎಂದರೆ ದೇಹದ ಅನಿತ್ಯತೆಯ ಮೇಲೆ, ದೃಷ್ಟಿಯಿಡುತ್ತಾರೆ. ನಮಗೆ ಅಷ್ಟೇ ಮುಖ್ಯವೆಂದು ತೋರುವುದು ಆ ಸಭೆ. ಗಳಿಗೆ ಎಲ್ಲರ ಮುಂದೆಯೂ ಒಂದೇ ಆಗಿ ಬಂದಿತು. ರಂಗ ಒಂದು, ನರ್ತಕಿ ಒಬ್ಬಳು, ನೋಡುವ ಕಣ್ಣುಗಳು ನೂರಾರು. ಗಳಿಗೆಗೇ ಬಾಳನ್ನು ತಿರುಗಿಸುವ ಶಕ್ತಿಯಿದ್ದಿದ್ದರೆ ಆ ಸಭೆಯೆಲ್ಲ ಎದ್ದು ಕಾಡಿಗೆ ನಡೆಯಬೇಕಾಗಿತ್ತು. ಹಾಗಾಗಲಿಲ್ಲ. ಒಬ್ಬನು ಮಾತ್ರ ಕಂಡನೆಂಬುದರಿಂದಲೇ, ಆ ಒಬ್ಬನು ಯಾರು, ಅವನ ಕಣ್ಣಿಗೆ ಆ ಹರಿತ ಎಲ್ಲಿಂದ ಬಂದಿತು ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಗೆ ಪಂಪನು ಆಗಲೇ ಉತ್ತರ ಕೊಟ್ಟಿದ್ದಾನೆ. ಜಯವರ್ಮನಿಂದ ತೊಡಗಿ ಹರಿದುಬರುವ ಭವಾವಳಿಯೇ ಆ ಉತ್ತರ.

ಭವಾವಳಿಯ ಭಾಗವನ್ನು ಪುರಾಣದ ಹೊರೆಯೆಂದು ತಿಳಿದು, ಲಲಿತಾಂಗನ ಪ್ರಸಂಗದ ಕೆಲವು ಪದ್ಯಗಳನ್ನು ಮಾತ್ರ ಆಯ್ದುಕೊಂಡು ಉಳಿದುದನ್ನು ಬಿಡುವ ರೂಢಿ ನಮ್ಮಲ್ಲಿದೆ. ಇದರಿಂದ ಕಾವ್ಯಕ್ಕೆ ನಷ್ಟವಾಗುತ್ತದೆ. ಲಲಿತಾಂಗನು ಸ್ವರ್ಗದಲ್ಲಿ ಸ್ವಯಂಪ್ರಭೆಯೊಡನೆ ಸುಖಿಸುತ್ತಿದ್ದು, ಆಯುಷ್ಯ ಮುಗಿಯುತ್ತ ಬಂದಾಗ ತನ್ನ ಮಾಲೆ ಬಾಡಿದುದನ್ನು ಕಂಡು ಎದೆಗುಂದುತ್ತಾನೆ. ಆ ಭವದಲ್ಲಿ ಅವನಿಗೆ ದೊರೆತುದು ದುಃಖ, ಅರಿವಲ್ಲ. ಮುಂದೆ ವಜ್ರಜಂಘನಾಗಿ ಹುಟ್ಟಿ ಶ್ರೀಮತಿಯೊಡನೆ ಮಲಗಿದ್ದಾಗ, ಸೇವಕರು ಶಯ್ಯಾಗೃಹದ ಗವಾಕ್ಷಗಳನ್ನು ತೆರೆಯುವುದನ್ನು ಮರೆತುದರಿಂದ ಧೂಪದ ಹೊಗೆ ಕವಿದು ದಂಪತಿಗಳಿಬ್ಬರೂ ಉಸಿರುಕಟ್ಟಿ ಸಾಯುತ್ತಾರೆ. ಸಾವನ್ನು ಕಾಣುವ ಅವಕಾಶವೂ ಅಲ್ಲಿ ಅವನಿಗಿಲ್ಲ. ಹೀಗೆ ಒಂದು ಭವದಲ್ಲಿ ಅಳಿವನ್ನು ಕಂಡು ಅತ್ತವನು, ಇನ್ನೊಂದರಲ್ಲಿ ಅಳಿವು ಬಂದುದನ್ನೇ ಅರಿಯದವನು, ಕೊನೆಯ ಭವದಲ್ಲಿ ಮತ್ತೊಬ್ಬರ ಅಳಿವನ್ನು ಕಣ್ಣೆವೆಯಿಕ್ಕುವಷ್ಟರಲ್ಲಿ ಗುರುತಿಸುತ್ತಾನೆ. ಬಾಡಿದ ಮಾಲೆಯನ್ನೂ ಕರಗಿದ ನರ್ತಕಿಯನ್ನೂ ಒಟ್ಟಿಗೆ ಇಟ್ಟು ಓದಿದಾಗಲೇ ನೀಲಾಂಜನೆಯ ಸನ್ನಿವೇಶದ ಪೂರ್ಣವಾದ ಅರ್ಥ ಗೋಚರವಾಗುತ್ತದೆ.

ಈ ನಡುವೆ ಅವನನ್ನು ತಿದ್ದಿದ ಸಂಗತಿಗಳು ಯಾವುವು? ಅವು ದೊಡ್ಡ ಸಾಹಸಗಳಲ್ಲ. ಮಹಾಬಲನಾಗಿದ್ದಾಗ ನಾಲ್ವರು ಮಂತ್ರಿಗಳಲ್ಲಿ ಸ್ವಯಂಬುದ್ಧನ ಮಾತಿಗೆ ಕಿವಿಗೊಟ್ಟುದು ಒಂದು. ವಜ್ರಜಂಘನಾಗಿದ್ದಾಗ ಚಾರಣಮುನಿಗಳಿಗೆ ಆಹಾರದಾನ ಮಾಡಿದುದು ಮತ್ತೊಂದು. ಹೊಗೆಯಲ್ಲಿ ಸತ್ತವರು ಭೋಗಭೂಮಿಯಲ್ಲಿ ಹುಟ್ಟುವುದು ಆ ದಾನದ ಫಲವಾಗಿ. ಅಲ್ಲಿ ಅವನಿಗೆ ಸಮ್ಯಕ್ತ್ವವನ್ನು ಬೋಧಿಸಲು ಬರುವ ಮುನಿ ಬೇರೆ ಯಾರೂ ಅಲ್ಲ, ಹಿಂದಿನ ಸ್ವಯಂಬುದ್ಧನ ಜೀವವೇ. ಒಂದೇ ಉಪದೇಶ ಎರಡು ಸಲ, ಎರಡು ಭವಗಳಲ್ಲಿ, ಒಬ್ಬನೇ ಗುರುವಿನಿಂದ ಬರುತ್ತದೆಂಬುದನ್ನು ಅಧ್ಯಾಪಕವೃತ್ತಿಯಲ್ಲಿರುವ ನಾವು ಸ್ವಲ್ಪ ನಿಂತು ಯೋಚಿಸಬಹುದು. ಒಮ್ಮೆ ಹೇಳಿದ ಮಾತು ಒಡನೆಯೇ ಹತ್ತುವುದಿಲ್ಲ. ಹತ್ತಲಿಲ್ಲವೆಂಬ ಕಾರಣದಿಂದ ವ್ಯರ್ಥವೂ ಆಗುವುದಿಲ್ಲ.

ಬಾಹುಬಲಿಯ ಪ್ರಸಂಗದಲ್ಲಿ ಪಂಪನು ಗಳಿಗೆಯ ಮಿತಿಯನ್ನು ಇನ್ನೊಂದು ಕಡೆಯಿಂದ ತೋರಿಸುತ್ತಾನೆ. ದೃಷ್ಟಿ, ಜಲ, ಮಲ್ಲಯುದ್ಧಗಳು ಮೂರರಲ್ಲಿಯೂ ಗೆದ್ದು ಅಣ್ಣನನ್ನು ಎತ್ತಿ ಹಿಡಿದವನಿಗೆ, ಭರತನು ಚಕ್ರವನ್ನು ಪ್ರಯೋಗಿಸಿದ ಆ ಗಳಿಗೆಯಲ್ಲಿ ರಾಜ್ಯದ ಹೇಸಿಕೆ ತಿಳಿಯುತ್ತದೆ. ಗೆದ್ದ ನೆಲವನ್ನು ಬಿಟ್ಟು ಅವನು ತಪಸ್ಸಿಗೆ ನಿಲ್ಲುತ್ತಾನೆ. ಇಷ್ಟಕ್ಕೆ ನಮ್ಮ ಪಾಠ ಸಾಧಾರಣವಾಗಿ ಮುಗಿಯುತ್ತದೆ, ಆದರೆ ಕಾವ್ಯ ಮುಗಿಯುವುದಿಲ್ಲ. ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತರೂ ಅವನಿಗೆ ಕೇವಲಜ್ಞಾನವಾಗುವುದಿಲ್ಲ. ಭರತನನ್ನು ಕುರಿತ ಒಂದು ಕಸರು ಮನಸ್ಸಿನ ಮೂಲೆಯಲ್ಲಿ ಉಳಿದಿರುತ್ತದೆ. ಭರತನು ತಾನಾಗಿ ಬಂದು ಪೂಜಿಸಿದ ಮೇಲೆ ಅದು ಹರಿಯುತ್ತದೆ. ರಾಜ್ಯವನ್ನು ಒಂದೇ ಗಳಿಗೆಯಲ್ಲಿ ಬಿಡಬಲ್ಲವನು ಒಂದು ಸಣ್ಣ ನೆನಪನ್ನು ಬಿಡಲು ವರ್ಷವೊಂದು ಸಾಲದೆ ಹೋದನು. ಪಂಪನ ಮನುಷ್ಯಸ್ವಭಾವದ ಅರಿವು ಎಷ್ಟು ಆಳವಾದುದೆಂಬುದಕ್ಕೆ ಈ ಪ್ರಸಂಗವೊಂದೇ ಸಾಕ್ಷಿಯಾಗಬಲ್ಲದು.

3

ಯಶೋಧರ ಚರಿತೆ ನಮ್ಮ ಪ್ರಶ್ನೆಗೆ ಅತ್ಯಂತ ಕಠಿನವಾದ ಒರೆಗಲ್ಲು. 1209ರಲ್ಲಿ ಜನ್ನನು ನಾಲ್ಕು ಅವತಾರಗಳಲ್ಲಿ ಬರೆದ ಈ ಚಿಕ್ಕ ಕಾವ್ಯದಲ್ಲಿ ಗಳಿಗೆಯ ಪಕ್ಷವನ್ನು ಹಿಡಿದವರಿಗೆ ಬೇಕಾದುದೆಲ್ಲ ಇರುವಂತೆ ತೋರುತ್ತದೆ. ಬೆಳಗಿನ ಜಾವದಲ್ಲಿ ಅರಸನ ತೋಳಿನಲ್ಲಿದ್ದ ರಾಣಿ ಎಚ್ಚತ್ತು ಗಜಶಾಲೆಯ ಕಡೆಯಿಂದ ಬಂದ ಹಾಡನ್ನು ಕೇಳುತ್ತಾಳೆ. ಹಾಡಿದವನನ್ನು ನೋಡುವ ಮೊದಲೇ ಮನಸ್ಸು ಅವನಿಗೆ ಒಲಿಯುತ್ತದೆ. ಅಲ್ಲಿಂದ ಮುಂದೆ ವ್ಯಭಿಚಾರ, ಕೊಲೆ, ಜನ್ಮಜನ್ಮಾಂತರದ ಸಂಕಟ. ಹಾಡಿನಿಂದ ಕೇಡು ಎಂದು ಹೇಳಿಬಿಡಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕೇ?

ಆದರೆ ಕಾವ್ಯವನ್ನು ಸಾವಧಾನವಾಗಿ ಓದಿದರೆ ಹಾಡಿಗೂ ಕೇಡಿಗೂ ನಡುವೆ ಜನ್ನನು ಇಟ್ಟಿರುವ ಮೆಟ್ಟಿಲುಗಳು ಕಾಣುತ್ತವೆ. ಹಾಡನ್ನು ಕೇಳಿದ ರಾಣಿ ತಾನು ಓಡಿಹೋಗುವುದಿಲ್ಲ, ಕೆಳದಿಯನ್ನು ಕಳುಹಿಸುತ್ತಾಳೆ. ಕೆಳದಿ ಹೋಗಿ ನೋಡಿ, ಆ ಮಾವಟಿಗನ ವಿಕಾರವಾದ ರೂಪಕ್ಕೆ ಹೇಸಿ, ಹಿಂದಿರುಗಿ ಬಂದು ಅದನ್ನು ಅಂಗಾಂಗವಾಗಿ ವರ್ಣಿಸುತ್ತಾಳೆ. ಇಲ್ಲಿ ಕಥೆ ನಿಲ್ಲಬಹುದಾಗಿತ್ತು. ಮನಸ್ಸು ಹಾಡಿಗೆ ಒಲಿದುದು ರಾಣಿಯ ಕೈಮೀರಿದ ಸಂಗತಿಯೆಂದು ಒಪ್ಪಿಕೊಂಡರೂ, ಈ ವರದಿಯನ್ನು ಕೇಳಿದ ಮೇಲೆ ಒಲವಿಗೆ ಚೆಲುವು ಬೇಕಿಲ್ಲವೆಂದು ಆಕೆ ವಾದಿಸುವುದು ಕೈಮೀರಿದುದಲ್ಲ. ಅದು ಯೋಚಿಸಿ ಆಡಿದ ಮಾತು. ಆಮೇಲೆ ಕೆಳದಿಯನ್ನು ಒಲಿಸಿಕೊಳ್ಳುವುದು, ರಾತ್ರಿಯಾದ ಮೇಲೆ ಅರಸನ ಮಗ್ಗುಲಿನಿಂದ ಏಳುವುದು, ಮರಳಿ ಬಂದು ಮಲಗುವುದು, ಇವು ಮತ್ತೆ ಮತ್ತೆ ನಡೆಯುವ ಕೆಲಸಗಳು. ತಡವಾಗಿ ಬಂದಳೆಂದು ಮಾವಟಿಗನು ಆಕೆಯನ್ನು ಹೊಡೆಯುತ್ತಾನೆಂಬುದೇ ಅವಳ ಬರವು ಎಷ್ಟು ನಿತ್ಯದ ರೂಢಿಯಾಗಿತ್ತೆಂಬುದನ್ನು ತಿಳಿಸುತ್ತದೆ. ಹಾಡಿನ ಗಳಿಗೆ ಬಾಗಿಲನ್ನು ತೋರಿಸಿತು. ದಿನದಿನವೂ ಆ ಬಾಗಿಲನ್ನು ದಾಟಿದವಳು ರಾಣಿಯೇ.

ಇಷ್ಟು ಹೇಳಿದರೆ ಅಮೃತಮತಿಯ ಮೇಲೆ ಇನ್ನಷ್ಟು ದೋಷವನ್ನು ಹೇರಿದಂತಾಯಿತೆಂದು ಕೆಲವರು ಆಕ್ಷೇಪಿಸಬಹುದು. ನಮ್ಮ ಉದ್ದೇಶ ಅದಲ್ಲ. ಒಂದು ಹಾಡಿಗೆ ಮರುಳಾದಳೆಂದು ಹೇಳುವುದು ಮೇಲುನೋಟಕ್ಕೆ ಕನಿಕರದ ಮಾತು. ನಿಜವಾಗಿ ಅದು ಆಕೆಯನ್ನು ಬುದ್ಧಿಯಿಲ್ಲದವಳನ್ನಾಗಿ ಮಾಡುವ ಮಾತು. ಜನ್ನನು ಅವಳಿಗೆ ವಾದಿಸುವ ಬುದ್ಧಿಯನ್ನೂ ನಿಶ್ಚಯಿಸುವ ಮನಸ್ಸನ್ನೂ ಕೊಟ್ಟಿದ್ದಾನೆ. ಅವಳನ್ನು ಒಂದು ಗಳಿಗೆಯ ಕೈಗೊಂಬೆಯೆಂದು ಓದುವುದು ಕವಿ ಕೊಟ್ಟುದನ್ನು ಕಿತ್ತುಕೊಂಡಂತೆ.

ಇದಕ್ಕಿಂತ ಮುಖ್ಯವಾದುದು ಯಶೋಧರನ ನಡತೆ. ಈ ಕಾವ್ಯದಲ್ಲಿ ಜನ್ಮಾಂತರಗಳ ಕೋಟಲೆಯನ್ನು ನಾವು ಕಣ್ಣಾರೆ ಕಾಣುವುದು ಅರಸನದು ಮತ್ತು ಅವನ ತಾಯಿ ಚಂದ್ರಮತಿಯದು. ಕಾವ್ಯಕ್ಕೆ ಹೆಸರೂ ಅವನದೇ. ಆದರೂ 'ತಿರುವು' ಎಂದ ಕೂಡಲೆ ನಮ್ಮ ಕಣ್ಣು ರಾಣಿಯ ಮೇಲೆ ಬೀಳುತ್ತದೆ. ಅರಸನ ಕಥೆಯಲ್ಲಿ ತಿರುವು ಎಲ್ಲಿದೆ?

ರಾತ್ರಿ ಹೆಂಡತಿಯನ್ನು ಹಿಂಬಾಲಿಸಿ ಹೋದ ಅರಸನು ಕಣ್ಣಾರೆ ಕಂಡು, ಇಬ್ಬರನ್ನೂ ಕೊಲ್ಲಲು ಕತ್ತಿಗೆ ಕೈಯಿಕ್ಕಿ, ತನ್ನನ್ನು ತಾನೇ ತಡೆದುಕೊಳ್ಳುತ್ತಾನೆ. ಕಾವ್ಯದಲ್ಲಿ ಅತ್ಯಂತ ದೊಡ್ಡ ಗಳಿಗೆಯೆಂದು ಯಾವುದನ್ನಾದರೂ ಕರೆಯುವುದಾದರೆ ಇದನ್ನೇ ಕರೆಯಬೇಕು. ಈ ಗಳಿಗೆಯಲ್ಲಿ ಅವನು ಸೋಲಲಿಲ್ಲ, ಗೆದ್ದನು. ಗಳಿಗೆಯೇ ಬಾಳನ್ನು ನಿರ್ಣಯಿಸುವುದಾದರೆ ಯಶೋಧರನ ಕಥೆ ಇಲ್ಲಿಗೇ ಮಂಗಳವಾಗಿ ಮುಗಿಯಬೇಕಾಗಿತ್ತು.

ಅವನು ಸೋತುದು ಮರುದಿನ, ಹಗಲು ಬೆಳಕಿನಲ್ಲಿ, ಕತ್ತಿಯಿಲ್ಲದ ಸಣ್ಣ ಸಣ್ಣ ಸಂಗತಿಗಳಲ್ಲಿ. ಮೊದಲು ವಿನೋದಕ್ಕೆಂಬಂತೆ ರಾಣಿಯನ್ನು ನೆಯ್ದಿಲಿನಿಂದ ಹೊಡೆಯುತ್ತಾನೆ. ರಾತ್ರಿ ಮಾವಟಿಗನ ಪೆಟ್ಟುಗಳನ್ನು ಸಹಿಸಿದವಳು ಹೂವಿನ ಪೆಟ್ಟಿಗೆ ಮೂರ್ಛೆ ಹೋದಂತೆ ಬೀಳುತ್ತಾಳೆ. ಅರಸನು ಒಳಗೊಳಗೇ ಕಟಕಿಯಾಡುತ್ತಾನೆ. ಕೊಲ್ಲಬಾರದೆಂದು ಕತ್ತಿಯನ್ನು ತಡೆದವನು ನೋಯಿಸುವ ಸುಖವನ್ನು ಬಿಡಲಿಲ್ಲ. ಎರಡನೆಯದಾಗಿ, ಮಗನ ಮುಖ ಬಾಡಿದುದನ್ನು ಕಂಡು ತಾಯಿ ಕೇಳಿದಾಗ ನಡೆದುದನ್ನು ಹೇಳಲಾರದೆ ಕೆಟ್ಟ ಕನಸು ಕಂಡೆನೆಂದು ಹೇಳುತ್ತಾನೆ. ಮನೆಯ ಮಾನವನ್ನು ಕಾಯುವ ಈ ಸುಳ್ಳು ಯಾರಿಗೂ ತಪ್ಪೆಂದು ತೋರುವಂಥದಲ್ಲ. ಆದರೆ ಆ ಕನಸಿನ ಶಾಂತಿಗಾಗಿಯೇ ತಾಯಿ ಚಂಡಮಾರಿಗೆ ಬಲಿ ಕೊಡಬೇಕೆಂದು ಹಟ ಹಿಡಿಯುತ್ತಾಳೆ. ಅವನು ಜೀವಹಿಂಸೆಯನ್ನು ಒಪ್ಪದೆ ವಾದಿಸುತ್ತಾನೆ; ಆ ವಾದ ಪ್ರಾಮಾಣಿಕವಾದುದು. ಕೊನೆಗೆ ಮೂರನೆಯದಾಗಿ, ತಾಯಿಯ ಮಾತನ್ನೂ ಮೀರದೆ ತನ್ನ ವ್ರತವನ್ನೂ ಕೆಡಿಸಿಕೊಳ್ಳದೆ ಇರುವ ಉಪಾಯವೆಂದು ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ಅದನ್ನು ಕಡಿದಾಗ ಅದು ಕೂಗುತ್ತದೆ.

ಈ ಮೂರು ಹೆಜ್ಜೆಗಳಲ್ಲಿ ಯಾವುದೊಂದೂ ಪಾಪವೆಂದು ಹೆಸರಿಡಲು ಸಾಲುವಷ್ಟು ದೊಡ್ಡದಲ್ಲ. ಒಂದು ಹಾಸ್ಯ, ಒಂದು ಮುಚ್ಚುಮರೆ, ಒಂದು ರಾಜಿ. ಸಂಸಾರದಲ್ಲಿರುವವರೆಲ್ಲರೂ ವಾರಕ್ಕೊಮ್ಮೆಯಾದರೂ ಮಾಡುವ ಕೆಲಸಗಳಿವು. ಸಂಕಲ್ಪಹಿಂಸೆ ಈ ಕಾವ್ಯದ ತಿರುಳೆಂದು ಎಲ್ಲರೂ ಹೇಳುತ್ತಾರೆ, ನಾವೂ ಒಪ್ಪುತ್ತೇವೆ. ಆದರೆ ಸಂಕಲ್ಪವೆಂಬುದು ಕತ್ತಿ ಬೀಳುವ ಕ್ಷಣದಲ್ಲಿ ಹುಟ್ಟಿದುದೆಂದು ತಿಳಿದರೆ ಜನ್ನನ ಕಥನಕ್ರಮದ ಅರ್ಥ ಕೈತಪ್ಪುತ್ತದೆ. ಆ ಸಂಕಲ್ಪದ ಬೀಜ ನೆಯ್ದಿಲಿನ ಪೆಟ್ಟಿನಲ್ಲಿಯೇ ಬಿದ್ದಿದೆ. ರಾತ್ರಿ ತಡೆಹಿಡಿದ ಕೊಲೆ ಅವನ ಮನಸ್ಸಿನಿಂದ ಹೊರಟುಹೋಗಿರಲಿಲ್ಲ. ಹೂವಾಗಿ, ಕನಸಾಗಿ, ಹಿಟ್ಟಿನ ಕೋಳಿಯಾಗಿ ದಾರಿ ಹುಡುಕುತ್ತಿತ್ತು. ಕೋಳಿಯ ಕೂಗನ್ನು ಕೇಳಿ ಅವನು ಬೆಚ್ಚುವುದು ಅದರೊಳಗೆ ಪ್ರಾಣವಿತ್ತೆಂಬ ಕಾರಣದಿಂದ ಮಾತ್ರವಲ್ಲ. ತನ್ನೊಳಗೆ ಕೊಲ್ಲುವವನು ಇನ್ನೂ ಇದ್ದಾನೆಂಬ ಕಾರಣದಿಂದಲೂ ಎಂದು ನಾವು ಊಹಿಸುತ್ತೇವೆ. ಆಗ ಅವನು ರಾಜ್ಯವನ್ನು ಬಿಡಲು ನಿಶ್ಚಯಿಸುತ್ತಾನೆ. ಆದರೆ ಆ ನಿಶ್ಚಯ ಕಾರ್ಯವಾಗುವುದಕ್ಕೆ ಮುಂಚೆ ರಾಣಿಯ ಮನೆಯ ವಿಷದೂಟ ತಾಯಿಮಕ್ಕಳನ್ನು ಮುಗಿಸುತ್ತದೆ.

4

ವಿಕ್ರಮಾರ್ಜುನ ವಿಜಯದ ಕರ್ಣನನ್ನೂ ಇಲ್ಲಿ ಸಂಕ್ಷೇಪವಾಗಿ ನೆನೆಯಬಹುದು. ತನ್ನ ಹುಟ್ಟಿನ ಗುಟ್ಟು ತಿಳಿದ ಗಳಿಗೆಯಲ್ಲಿ ಅವನ ಮುಂದೆ ಎರಡು ದಾರಿಗಳಿದ್ದುವು. ಪಾಂಡವರ ಹಿರಿಯನಾಗಿ ರಾಜ್ಯಕ್ಕೆ ಒಡೆಯನಾಗಬಹುದಾಗಿತ್ತು. ಅವನು ಒಲ್ಲೆನೆನ್ನುತ್ತಾನೆ. ಒಲ್ಲೆನೆನ್ನುವುದಕ್ಕೆ ಅವನು ಕೊಡುವ ಕಾರಣವನ್ನು ಗಮನಿಸಬೇಕು. ಅಂಗರಾಜ್ಯದ ಪಟ್ಟಾಭಿಷೇಕದಂಥ ದೊಡ್ಡ ಉಪಕಾರಕ್ಕಿಂತಲೂ ಹೆಚ್ಚಾಗಿ ಓದುಗರ ನೆನಪಿನಲ್ಲಿ ಉಳಿದಿರುವುದು ನೆತ್ತದಾಟದ ಹೊತ್ತಿನಲ್ಲಿ ಭಾನುಮತಿಯ ಮುತ್ತಿನ ಹಾರ ಹರಿದ ಒಂದು ಮನೆವಾರ್ತೆಯ ಪ್ರಸಂಗ. ಆ ಪದ್ಯದ ಅನ್ವಯದಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಆಟ ಯಾರ ಯಾರ ನಡುವೆ ನಡೆಯಿತೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಯಾವ ಅನ್ವಯವನ್ನು ಒಪ್ಪಿದರೂ ಒಂದು ವಿಷಯ ನಿಲ್ಲುತ್ತದೆ. ಭಾರತಯುದ್ಧದ ಭವಿಷ್ಯವನ್ನು ನಿರ್ಣಯಿಸುವ ಗಳಿಗೆಯಲ್ಲಿ ಕರ್ಣನಿಗೆ ಆಧಾರವಾಗಿ ಒದಗಿದುದು ಒಂದು ಸಾಮಾನ್ಯ ದಿನದ ಸಂಶಯವಿಲ್ಲದ ನಡವಳಿಕೆ. ನಿರ್ಣಯ ಅಂದು ಆದುದಲ್ಲ. ಅಂಥ ದಿನಗಳಲ್ಲಿ ಆಗಲೇ ಆಗಿಹೋಗಿತ್ತು. ಅಂದು ಮಾತಿನಲ್ಲಿ ಹೊರಬಂದಿತು.

5

ಆಧುನಿಕ ಗದ್ಯಕಥನಕ್ಕೆ ಬಂದರೆ ಈ ಎರಡು ಪಕ್ಷಗಳೂ ಬೇರೆ ಬೇರೆ ಕಾದಂಬರಿಗಳಲ್ಲಿ ತಮ್ಮ ತಮ್ಮ ಪ್ರತಿನಿಧಿಗಳನ್ನು ಪಡೆದಿರುವಂತೆ ತೋರುತ್ತದೆ. 1940ರ ದಶಕದ ಮೊದಲಲ್ಲಿ ಬಂದ ಶಿವರಾಮ ಕಾರಂತರ ಮರಳಿ ಮಣ್ಣಿಗೆ ದಿನಚರಿಯ ಕಾವ್ಯ. ಕರಾವಳಿಯ ಕೋಡಿಯೆಂಬ ಊರಿನಲ್ಲಿ ಮೂರು ತಲೆಮಾರು ಬಾಳುತ್ತವೆ. ಇಂಥ ದಿನ ಈ ಮನೆಯ ಗತಿ ತಿರುಗಿತೆಂದು ಬೆರಳಿಟ್ಟು ತೋರಿಸಲು ಓದುಗನಿಗೆ ಸುಲಭವಾಗಿ ಆಗುವುದಿಲ್ಲ. ಪಾರ್ವತಿಯೂ ವಿಧವೆಯಾದ ಸರಸ್ವತಿಯೂ ಗದ್ದೆಯಲ್ಲಿ ದುಡಿಯುತ್ತಾರೆ, ಮಳೆಗಾಲಕ್ಕೆ ಸೌದೆ ಕೂಡಿಡುತ್ತಾರೆ, ಬಂದುದನ್ನು ಅನುಭವಿಸುತ್ತಾರೆ. ಇಂಗ್ಲಿಷ್ ವಿದ್ಯೆಗೆಂದು ಹೊರಟ ಲಚ್ಚ ಕೆಟ್ಟುದೂ ಒಂದು ದಿನದಲ್ಲಿ ಅಲ್ಲ. ತಂದೆಯ ಸಲಿಗೆ, ಕೇಳಿದಾಗಲೆಲ್ಲ ಬಂದ ಹಣ, ಹೇಳಿ ರೂಢಿಯಾದ ಸುಳ್ಳುಗಳು, ಇವುಗಳಿಂದ ಅವನು ಸ್ವಲ್ಪ ಸ್ವಲ್ಪವಾಗಿ ಕೆಟ್ಟನು. ಅದೇ ರೀತಿ ಅವನ ಮಗ ರಾಮನು ನಿಂತುದು ತಾಯಿ ನಾಗವೇಣಿಯ ವರ್ಷಗಟ್ಟಲೆಯ ಸಹನೆಯಿಂದ. ಮದರಾಸು ಮುಂಬಯಿಗಳನ್ನು ಕಂಡು ಬಂದ ರಾಮನು ಮರಳಿ ಮಣ್ಣಿಗೆ ಬರುವುದು ಒಂದು ನಿರ್ಧಾರವೇ ನಿಜ. ಆದರೆ ಆ ಮಣ್ಣನ್ನು ಮರಳಲು ಯೋಗ್ಯವಾಗಿ ಉಳಿಸಿದವರು ಅದರಲ್ಲಿ ದಿನವೂ ಬಾಗಿ ದುಡಿದ ಹೆಂಗಸರು. ಅವರು ಯಾವ ದೊಡ್ಡ ಗಳಿಗೆಯ ನಾಯಿಕೆಯರೂ ಅಲ್ಲ.

1965ರಲ್ಲಿ ಪ್ರಕಟವಾದ ಯು. ಆರ್. ಅನಂತಮೂರ್ತಿಯವರ ಸಂಸ್ಕಾರ ಇದಕ್ಕೆ ತೀರ ವಿರುದ್ಧವಾದ ಕೃತಿಯೆಂದು ಭಾವಿಸುವುದು ರೂಢಿ. ನಾರಣಪ್ಪನ ಶವಸಂಸ್ಕಾರದ ಪ್ರಶ್ನೆಗೆ ಶಾಸ್ತ್ರದಲ್ಲಿ ಉತ್ತರ ಕಾಣದೆ, ಮಾರುತಿಯ ಪ್ರಸಾದವೂ ದೊರೆಯದೆ, ಕತ್ತಲೆಯಲ್ಲಿ ಹಿಂದಿರುಗುತ್ತಿದ್ದ ಪ್ರಾಣೇಶಾಚಾರ್ಯರು ಕಾಡಿನಲ್ಲಿ ಚಂದ್ರಿಯನ್ನು ಕೂಡುತ್ತಾರೆ. ಆ ಗಳಿಗೆಯಿಂದ ಅವರ ಬಾಳು ಎರಡು ಹೋಳಾಗುತ್ತದೆ. ಆದರೆ ಕಾದಂಬರಿ ಅಲ್ಲಿಂದ ಆರಂಭವಾಗುವುದಿಲ್ಲ. ರೋಗಿಯಾದ ಹೆಂಡತಿ ಭಾಗೀರಥಿಗೆ ಸ್ನಾನ ಮಾಡಿಸುವ ದಿನಚರಿಯಿಂದ ಆರಂಭವಾಗುತ್ತದೆ. ತ್ಯಾಗವನ್ನೇ ನಿತ್ಯಕರ್ಮವನ್ನಾಗಿ ಮಾಡಿಕೊಂಡು, ಅದರ ಪುಣ್ಯವನ್ನು ಒಳಗೇ ಎಣಿಸಿಕೊಳ್ಳುತ್ತಿದ್ದ ಬಾಳಿನಲ್ಲಿ ಏನನ್ನು ಅದುಮಿಡಲಾಗಿತ್ತೋ ಅದು ಕತ್ತಲೆಯಲ್ಲಿ ಎದ್ದಿತು. ಮುಂದೆ ಆಚಾರ್ಯರನ್ನು ಕಾಡುವುದೂ ನಮ್ಮ ಪ್ರಶ್ನೆಯೇ: ಆ ಕ್ರಿಯೆ ತಾನು ಮಾಡಿದುದೋ, ತನಗೆ ಆದುದೋ? ಆದುದಾದರೆ ಅದಕ್ಕೆ ತಾನು ಹೊಣೆಯಲ್ಲ. ಹೊಣೆಯಾಗಬೇಕಾದರೆ ಅದನ್ನು ಎಚ್ಚರದಲ್ಲಿ ಮತ್ತೊಮ್ಮೆ ತನ್ನದೆಂದು ಆರಿಸಿಕೊಳ್ಳಬೇಕು. ಅವರು ಹೀಗೆ ತರ್ಕಿಸುತ್ತ ಮೇಳಿಗೆಯ ಜಾತ್ರೆಯಲ್ಲಿ ಅಲೆಯುತ್ತಾರೆ. ಚಂದ್ರಿಯಾದರೋ ಆ ರಾತ್ರಿಯೇ ಮುಸಲ್ಮಾನನೊಬ್ಬನ ನೆರವಿನಿಂದ ಶವವನ್ನು ಸುಡಿಸಿ ಹೊರಟುಹೋಗಿರುತ್ತಾಳೆ. ಮಾಡಬೇಕಾದ ಕೆಲಸ ಎದುರಿಗಿದ್ದಾಗ ಮಾಡಿ ಮುಗಿಸುವ ಅಭ್ಯಾಸ ಆಕೆಗಿತ್ತು. ಆಚಾರ್ಯರಿಗೆ ಇದ್ದುದು ನಿರ್ಣಯವನ್ನು ಗ್ರಂಥಕ್ಕೂ ದೇವರಿಗೂ ಒಪ್ಪಿಸುವ ಅಭ್ಯಾಸ. ಆದುದರಿಂದ ಸಂಸ್ಕಾರವನ್ನೂ ಗಳಿಗೆಯ ಕಾದಂಬರಿಯೆಂದಷ್ಟೇ ಕರೆಯಲಾಗದು.

6

ನಮ್ಮ ವಾದಕ್ಕೆ ಪ್ರತಿಕೂಲವಾದ ಒಂದು ನಿದರ್ಶನವಿದೆ. ಅದನ್ನು ಮುಚ್ಚಿಟ್ಟು ಲೇಖನವನ್ನು ಮುಗಿಸುವುದು ಪ್ರಾಮಾಣಿಕತೆಯಾಗದು. ಯಶೋಧರ ಚರಿತೆಯ ಚೌಕಟ್ಟಿನ ಕಥೆಯಲ್ಲಿ ಮಾರಿದತ್ತನೆಂಬ ಅರಸನಿದ್ದಾನೆ. ಚಂಡಮಾರಿಗೆ ಬಲಿ ಕೊಡುವುದು ಅವನ ರೂಢಿ. ಅಭಯರುಚಿ, ಅಭಯಮತಿ ಎಂಬ ಎಳೆಯರನ್ನು ಬಲಿಗೆಂದು ಹಿಡಿದು ತಂದಿರುತ್ತಾರೆ, ಕತ್ತಿ ಸಿದ್ಧವಾಗಿದೆ. ಅವರ ನಿರ್ಭಯವನ್ನು ಕಂಡು ಅರಸನು ಬೆರಗಾಗಿ ಅವರ ಕಥೆಯನ್ನು ಕೇಳುತ್ತಾನೆ. ಕೇಳಿದ ಮೇಲೆ ಹಿಂಸೆಯನ್ನೂ ರಾಜ್ಯವನ್ನೂ ಬಿಡುತ್ತಾನೆ. ಇಲ್ಲಿ ಹಿಂದಿನ ದಿನಗಳೆಲ್ಲ ಹಿಂಸೆಯ ದಿನಗಳು. ಅಭ್ಯಾಸವೇ ಬಾಳನ್ನು ಕಟ್ಟುವುದಾದರೆ ಮಾರಿದತ್ತನು ಕತ್ತಿಯನ್ನು ಎತ್ತಬೇಕಾಗಿತ್ತು. ಅವನು ಎತ್ತಲಿಲ್ಲ. ಒಂದು ಕೇಳ್ಮೆ ಅವನನ್ನು ಬೇರೆ ಮನುಷ್ಯನನ್ನಾಗಿ ಮಾಡಿತು.

ಈ ನಿದರ್ಶನವನ್ನು ನಾವು ಅಲ್ಲಗಳೆಯುವುದಿಲ್ಲ. ಪೂರ್ವಭವಗಳ ಸಂಸ್ಕಾರವಿದ್ದಿರಬೇಕೆಂದು ಹೇಳಿ ಜಾರಿಕೊಳ್ಳುವುದೂ ಸರಿಯಲ್ಲ. ಕವಿ ಅದಕ್ಕೆ ಒತ್ತು ಕೊಟ್ಟಿಲ್ಲ. ಅಭ್ಯಾಸದ ಸಂಕಲೆಯನ್ನು ಕಡಿಯಬಲ್ಲ ಗಳಿಗೆಗಳು ಉಂಟು ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಒಪ್ಪದಿದ್ದರೆ, ದಾರಿ ತಪ್ಪಿದವರಿಗೆ ಮರಳುವ ಹಾದಿಯೇ ಇಲ್ಲವೆಂದು ಹೇಳಿದಂತಾಗುತ್ತದೆ. ಆದರೆ ಮಾರಿದತ್ತನು ಆ ಗಳಿಗೆಯಲ್ಲಿ ಕೇಳಿದುದು ಏನನ್ನು? ಒಂದು ಸೂತ್ರವನ್ನಲ್ಲ, ಒಂದು ಶಾಪವನ್ನೂ ಅಲ್ಲ. ಒಬ್ಬ ಅರಸನು ಹಾಸ್ಯದಿಂದ ಸುಳ್ಳಿಗೆ, ಸುಳ್ಳಿನಿಂದ ರಾಜಿಗೆ, ರಾಜಿಯಿಂದ ಹಿಟ್ಟಿನ ಕೋಳಿಗೆ, ಅಲ್ಲಿಂದ ಜನ್ಮಜನ್ಮಗಳ ನೋವಿಗೆ ಇಳಿದುಹೋದ ಕಥೆಯನ್ನು ಕೇಳಿದನು. ಎಂದರೆ, ಹಲವು ದಿನಗಳು ಕೂಡಿ ಒಂದು ಬಾಳನ್ನು ಹೇಗೆ ಕಟ್ಟುತ್ತವೆಂಬುದನ್ನು ಒಂದು ಗಳಿಗೆಯಲ್ಲಿ ಕಂಡನು. ದಿನಗಳ ಒಳಗಿದ್ದು ಬಾಳುವವನಿಗೆ ಆ ಸರಣಿ ಕಾಣುವುದಿಲ್ಲ. ನೆಯ್ದಿಲನ್ನು ಎತ್ತಿದಾಗ ಯಶೋಧರನಿಗೆ ಕೋಳಿ ಕಾಣಲಿಲ್ಲ. ಕಥೆ ಕೇಳುವವನಿಗೆ ಕಾಣುತ್ತದೆ. ಮಾರಿದತ್ತನನ್ನು ತಿರುಗಿಸಿದ ಗಳಿಗೆಯ ಬಲ ಅವನು ಕೇಳಿದ ಆ ದಿನಗಳ ಬಲವೇ ಆಗಿತ್ತು.

ಇದರಿಂದ ನಮ್ಮ ಅಧ್ಯಯನ ಅಧ್ಯಾಪನಗಳಿಗೆ ಒಂದು ಸೂಚನೆ ದೊರೆಯುತ್ತದೆ. ಗಳಿಗೆಗೂ ದಿನಚರಿಗೂ ಇರುವುದು ವಿರೋಧವಲ್ಲ. ಹಿಂದಿನ ದಿನಗಳು ಮನುಷ್ಯನನ್ನು ಏನನ್ನಾಗಿ ಮಾಡಿವೆಯೆಂಬುದು ಗಳಿಗೆಯಲ್ಲಿ ಬಯಲಾಗುತ್ತದೆ. ಗಳಿಗೆಯಲ್ಲಿ ಕಂಡುದು ನಿಲ್ಲುವುದೋ ಇಲ್ಲವೋ ಎಂಬುದು ಮುಂದಿನ ದಿನಗಳಲ್ಲಿ ತಿಳಿಯುತ್ತದೆ. ಆದಿದೇವನ ಪ್ರಸಂಗ ಮೊದಲನೆಯದಕ್ಕೂ, ಬಾಹುಬಲಿಯ ಮತ್ತು ಯಶೋಧರನ ಪ್ರಸಂಗಗಳು ಎರಡನೆಯದಕ್ಕೂ ಸಾಕ್ಷಿಯಾಗಿವೆ. ಹೀಗಿರುವಲ್ಲಿ, ಪ್ರಸಿದ್ಧವಾದ ಒಂದೊಂದು ಸನ್ನಿವೇಶವನ್ನು ಕಾವ್ಯದ ಮೈಯಿಂದ ಕತ್ತರಿಸಿ ಪಾಠಕ್ಕಿಡುವ ಪದ್ಧತಿಯನ್ನು ನಾವು ಪುನರ್ವಿಮರ್ಶೆ ಮಾಡಬೇಕು. ನೀಲಾಂಜನೆಯ ನೃತ್ಯವನ್ನು ಓದಿಸುವಾಗ ಲಲಿತಾಂಗನ ಬಾಡಿದ ಮಾಲೆಯ ಪದ್ಯಗಳನ್ನು ಜೊತೆಗೆ ಓದಿಸಲಿ. ಹಾಡಿನ ಗಳಿಗೆಯನ್ನು ಓದಿಸಿದವರು ಮರುದಿನದ ನೆಯ್ದಿಲಿನ ಪೆಟ್ಟನ್ನೂ ಓದಿಸಲಿ. ಹೊತ್ತು ಸಾಲದೆಂಬ ಮಾತು ನಿಜ. ಆದರೆ ಒಬ್ಬ ವ್ಯಕ್ತಿಯನ್ನು ಅವನ ಒಂದು ಗಳಿಗೆಯಿಂದ ಅಳೆಯುವ ಅಭ್ಯಾಸವನ್ನು ತರಗತಿಯಲ್ಲಿ ಕಲಿತ ವಿದ್ಯಾರ್ಥಿ ಹೊರಗೆ ಹೋಗಿ ನೆರೆಯವರನ್ನೂ ಹಾಗೆಯೇ ಅಳೆಯುತ್ತಾನೆ. ತನ್ನನ್ನು ಮಾತ್ರ ಇನ್ನೂ ಬಾರದ ಒಂದು ದೊಡ್ಡ ಗಳಿಗೆಗಾಗಿ ಕಾಯಿಸುತ್ತಾನೆ. ಅಂಥ ಗಳಿಗೆ ಬಂದರೂ ಇಂದ್ರನ ರಂಗದ ಮುಂದೆ ಕುಳಿತ ಸಭೆಯಂತೆ ಅದನ್ನು ಕಾಣದೆ ಹೋಗುವ ಸಂಭವವೇ ಹೆಚ್ಚು. ನಮ್ಮ ಹಳೆಯ ಕವಿಗಳು ಭವಾವಳಿಗಳನ್ನು ಅಷ್ಟು ವಿಸ್ತಾರವಾಗಿ ಬರೆದುದರ ಪ್ರಯೋಜನವನ್ನು ನಾವು ಇನ್ನಾದರೂ ತಿಳಿದು ಓದುವುದು ಒಳ್ಳೆಯದು.